ಒಬ್ಬರಿಗೆ ದಿನಾ ಬೆಳಿಗ್ಗೆ ತಿನ್ನೋಕೆ ಯಾವ ಬ್ರೆಡ್ ಒಳ್ಳೇದು? ನೀವು ಯಾವುದು ತರುತ್ತೀರಿ?

ನೀವು ಕೆಲಸಕ್ಕೆಂದು ಹೊಸದಾಗಿ ಬೆಂಗಳೂರಿಗೆ ಬಂದಿದ್ದೀರಿ, ಒಬ್ಬರೇ ರೂಮ್ ಮಾಡಿಕೊಂಡಿದ್ದೀರಿ, ಬೆಳಿಗ್ಗೆ ತಿಂಡಿಗೆ ಬ್ರೆಡ್ಡೇ ಆಧಾರ ಅಂತ ಬರೆದಿದ್ದೀರಿ. ಅಂಗಡಿಯಲ್ಲಿ ವೈಟ್, ಬ್ರೌನ್, ಮಿಲ್ಕ್, ಹೋಲ್ ವೀಟ್, ಮಲ್ಟಿಗ್ರೇನ್ ಅಂತ ಸಾಲಾಗಿ ಇಟ್ಟಿರುತ್ತಾರೆ, ಯಾವುದು ತಗೊಳ್ಳಬೇಕೋ ಗೊತ್ತಾಗಲ್ಲ ಅಂತ ಕೇಳಿದ್ದೀರಿ. ಜೊತೆಗೆ, ಎರಡು ತುದಿಯ ತುಂಡುಗಳನ್ನು ಏನು ಮಾಡುತ್ತೀರಿ ಅಂತಲೂ ಕೇಳಿದ್ದೀರಿ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಮೊದಲು ನೇರ ಉತ್ತರ. ನಾನು ವಾರಕ್ಕೆ ಎರಡು ಸಲ, ಸಂಜೆ ಹೊತ್ತು, ಮನೆ ಹತ್ತಿರದ ಅಯ್ಯಂಗಾರ್ ಬೇಕರಿಯಿಂದ ಅವತ್ತೇ ಮಾಡಿದ ಸಾಲ್ಟ್ ಬ್ರೆಡ್ ತರುತ್ತೇನೆ. ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ ಇದೆ. ಅವರಿಗೆ ಪೂರ್ತಿ ಗೋಧಿಯ ಬ್ರೆಡ್ ಬೇರೆ. ಬ್ರೌನ್ ಬ್ರೆಡ್ ತರುವುದನ್ನು ಬಿಟ್ಟು ಆರು ವರ್ಷವಾಯಿತು. ನಿಮಗೆ ನಾನು ಹೇಳುವುದೂ ಅದೇ: ಹತ್ತಿರದಲ್ಲಿ ಒಳ್ಳೆ ಬೇಕರಿ ಇದ್ದರೆ ಅವತ್ತಿನ ಬ್ರೆಡ್ಡನ್ನು ಅರ್ಧ ಪೌಂಡ್ ಮಾತ್ರ ತನ್ನಿ. ಮುಗಿದ ಮೇಲೆ ಮತ್ತೆ ಹೋಗಿ ತನ್ನಿ.

ಪೌಂಡ್ ಅಂದಿದ್ದಕ್ಕೆ ಗಾಬರಿ ಬೇಡ. ಬೇಕರಿಗಳಲ್ಲಿ ಈಗಲೂ ಅದೇ ಮಾತು. ನಿಜವಾದ ಪೌಂಡ್ 453 ಗ್ರಾಂ. ಈಗಿನ ಬ್ರೆಡ್ 400 ಗ್ರಾಂ, ಅರ್ಧ ಅಂದರೆ 200 ಗ್ರಾಂ. ಅಳತೆ ಹೋಯಿತು, ಮಾತು ಉಳಿಯಿತು. ದಿನಕ್ಕೆ ಎರಡು ಮೂರು ತುಂಡು ತಿನ್ನುವ ಒಬ್ಬರಿಗೆ ಅರ್ಧ ಪೌಂಡ್ ಮೂರು ದಿನ ಬರುತ್ತದೆ. ಅಷ್ಟೇ ಸಾಕು.

ನಾನು ಹುಟ್ಟಿದ್ದು ಚನ್ನರಾಯಪಟ್ಟಣದ ಹತ್ತಿರದ ಒಂದು ಹಳ್ಳಿಯಲ್ಲಿ. ನಮ್ಮ ಮನೆಯಲ್ಲಿ ಬ್ರೆಡ್ಡು ಅಂದರೆ ಜ್ವರದವರ ಊಟ. ಮೈ ಬಿಸಿಯಾದರೆ ಅಪ್ಪ ಪೇಟೆಯಿಂದ ಬ್ರೆಡ್ ತರುತ್ತಿದ್ದರು. ಅಮ್ಮ ಬಿಸಿ ಹಾಲಿಗೆ ಸಕ್ಕರೆ ಹಾಕಿ, ಬ್ರೆಡ್ ಅದ್ದಿ ತಿನ್ನಿಸುತ್ತಿದ್ದರು. ಆಸ್ಪತ್ರೆಗೆ ಯಾರನ್ನಾದರೂ ನೋಡಲು ಹೋದರೆ ಒಂದು ಕೈಯಲ್ಲಿ ಬ್ರೆಡ್ಡು, ಇನ್ನೊಂದು ಕೈಯಲ್ಲಿ ಮೂಸಂಬಿ. ಚೆನ್ನಾಗಿರುವವರು ದುಡ್ಡು ಕೊಟ್ಟು ದಿನಾ ಬ್ರೆಡ್ ತಿನ್ನುತ್ತಾರೆ ಅನ್ನುವುದೇ ನನಗೆ ಗೊತ್ತಾದದ್ದು ಮದುವೆಯಾಗಿ ಬೆಂಗಳೂರಿಗೆ ಬಂದ ಮೇಲೆ.

ಆದರೆ ಈ ಊರಿಗೆ ಬ್ರೆಡ್ ತಿನ್ನುವ ಅಭ್ಯಾಸ ಮಾಡಿಸಿದವರಲ್ಲಿ ನಮ್ಮ ಕಡೆಯವರೇ ಬಹಳ ಮಂದಿ ಇದ್ದಾರೆ. ಅಯ್ಯಂಗಾರ್ ಬೇಕರಿ ನಡೆಸುವ ಎಷ್ಟೋ ಕುಟುಂಬಗಳ ಮೂಲ ಹಾಸನ ಜಿಲ್ಲೆ. ಚಿಕ್ಕಪೇಟೆಯಲ್ಲಿ 1898ರಲ್ಲಿ ತಿರುಮಲಾಚಾರ್ ಅವರು ಶುರು ಮಾಡಿದ ಬಿ.ಬಿ. ಬೇಕರಿಯಿಂದ ಈ ಪರಂಪರೆ ಬೆಳೆಯಿತು ಅಂತ ಹೇಳುತ್ತಾರೆ. ಇವತ್ತು ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಮೂಲೆಯಲ್ಲಿ ಒಂದು ಬೇಕರಿ ಇರುತ್ತದೆ, ಮುಂದೆ ನಾಲ್ಕು ಜನ ಖಾರಾ ಬನ್ ತಿನ್ನುತ್ತಾ ನಿಂತಿರುತ್ತಾರೆ. ಹಾಗಾಗಿ ನಿಮ್ಮ ರೂಮಿನ ಹತ್ತಿರವೂ ಒಂದು ಇದ್ದೇ ಇರುತ್ತದೆ. ಹುಡುಕಿ.

ಯಾವ ಬ್ರೆಡ್ ಅನ್ನುವುದಕ್ಕಿಂತ ಮೊದಲು ಅದರ ಜೊತೆ ಏನು ತಿನ್ನುತ್ತೀರಿ ಅಂತ ಯೋಚನೆ ಮಾಡಿ. ಬೇಕರಿಯಲ್ಲಿ ಸ್ವೀಟ್ ಬ್ರೆಡ್, ಸಾಲ್ಟ್ ಬ್ರೆಡ್ ಅಂತ ಎರಡು ಇರುತ್ತವೆ. ಹೆಚ್ಚಿನವರು ಇದನ್ನು ಕೇಳುವುದೇ ಇಲ್ಲ, ಕೈಗೆ ಸಿಕ್ಕಿದ್ದು ತರುತ್ತಾರೆ. ಆಮೇಲೆ ಪಲ್ಯದ ಜೊತೆ ತಿಂದು ಯಾಕೋ ಸಿಹಿ ಸಿಹಿ ಅನ್ನುತ್ತಾರೆ. ಆಲೂಗಡ್ಡೆ ಪಲ್ಯ, ಮೊಟ್ಟೆ, ಚಟ್ನಿಪುಡಿ ತುಪ್ಪ, ಟೊಮೇಟೊ ಗೊಜ್ಜು, ಇವಕ್ಕೆಲ್ಲ ಸಾಲ್ಟ್ ಬ್ರೆಡ್ಡೇ ಸರಿ. ಕಾಫಿಗೆ, ಹಾಲಿಗೆ ಅದ್ದಿಕೊಳ್ಳುವುದಾದರೆ, ಬೆಣ್ಣೆ ಜಾಮ್ ಹಚ್ಚುವುದಾದರೆ ಸ್ವೀಟ್ ಬ್ರೆಡ್ ಅಥವಾ ಮಿಲ್ಕ್ ಬ್ರೆಡ್. ಇನ್ನೊಂದು ವಿಷಯ, ಸ್ವೀಟ್ ಬ್ರೆಡ್ಡನ್ನು ಕಾವಲಿ ಮೇಲೆ ಹಾಕಿದರೆ ಬೇಗ ಕೆಂಪಾಗಿ ಸೀದುಹೋಗುತ್ತದೆ, ಅದರಲ್ಲಿರುವ ಸಕ್ಕರೆಯಿಂದ. ಟೋಸ್ಟ್ ಮಾಡುವವರು ಉರಿ ಸಣ್ಣದು ಮಾಡಿಕೊಳ್ಳಬೇಕು.

ನಮ್ಮ ಅತ್ತೆಯವರಿಗೆ 78 ವರ್ಷ. ಹಲ್ಲಿಲ್ಲ. ಅವರಿಗೆ ಮಿಲ್ಕ್ ಬ್ರೆಡ್ಡೇ ಆಗಬೇಕು. ಕಾಫಿ ಲೋಟದ ಮೇಲೆ ತುಂಡನ್ನು ಹಿಡಿದು, ಒಂದು ಮೂಲೆ ಮಾತ್ರ ಅದ್ದಿ, ಮನಸ್ಸಿನಲ್ಲೇ ಎರಡು ಎಣಿಸಿ ತೆಗೆಯುತ್ತಾರೆ. ಮೂರು ಎಣಿಸಿದರೆ ಕಳಚಿ ಲೋಟದೊಳಗೆ ಬೀಳುತ್ತದಂತೆ. ಸಾಲ್ಟ್ ಬ್ರೆಡ್ ಕೊಟ್ಟರೆ ಸುಮ್ನೆ ಪಕ್ಕಕ್ಕೆ ಇಡುತ್ತಾರೆ. ಅವರ ಮುಂದೆ ನಾರಿನಂಶ, ಧಾನ್ಯ ಅಂತ ನಾನು ಮಾತೆತ್ತುವುದಿಲ್ಲ. ಈ ವಯಸ್ಸಿನಲ್ಲಿ ಎರಡು ತುಂಡು ಇಷ್ಟಪಟ್ಟು ತಿಂದರೆ ಅದೇ ದೊಡ್ಡದು.

ಈಗ ಬ್ರೌನ್ ಬ್ರೆಡ್ಡಿನ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ನೀವು ಆರೋಗ್ಯಕ್ಕೆ ಒಳ್ಳೇದು ಅಂತ ಅದನ್ನೇ ತಗೊಳ್ಳೋಣ ಅಂದುಕೊಂಡಿದ್ದೇನೆ ಅಂತ ಬರೆದಿದ್ದೀರಿ.

ಯಜಮಾನರಿಗೆ ಸಕ್ಕರೆ ಕಾಯಿಲೆ ಇದೆ ಅಂತ ಗೊತ್ತಾದ ಮೇಲೆ ಎರಡು ವರ್ಷ ನಾನು ಒಂದೇ ಕಂಪನಿಯ ಬ್ರೌನ್ ಬ್ರೆಡ್ ತಂದೆ. ಮಾಮೂಲಿ ಬ್ರೆಡ್ಡಿಗಿಂತ ದುಡ್ಡು ಜಾಸ್ತಿ. ಕವರ್ ಮೇಲೆ ಗೋಧಿ ತೆನೆಯ ಚಿತ್ರ. ಒಂದು ದಿನ ಅಂಗಡಿಯಲ್ಲಿ ಕರೆಂಟ್ ಹೋಗಿ ಬಿಲ್ಲಿಗೆ ಕಾಯುತ್ತಾ ನಿಂತಿದ್ದಾಗ ಕವರ್ ಹಿಂದೆ ಏನು ಬರೆದಿದೆ ಅಂತ ಓದಿದೆ. ಅಕ್ಷರ ಎಷ್ಟು ಸಣ್ಣದೆಂದರೆ ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಬೇಕಾಯಿತು. ಮೊದಲ ಹೆಸರೇ ‘ರಿಫೈನ್ಡ್ ವೀಟ್ ಫ್ಲೋರ್’, ಪಕ್ಕದಲ್ಲಿ ಮೈದಾ ಅಂತ. ಆಮೇಲೆ ಸಕ್ಕರೆ. ಅದಾದ ಮೇಲೆ ‘ವೀಟ್ ಬ್ರಾನ್’. ಕೆಳಗೆ ‘ಕಲರ್ 150ಎ’. ಬ್ರಾನ್ ಅಂದರೆ ಬೂಸಾ. ನಮ್ಮೂರಲ್ಲಿ ಹಸುಗಳಿಗೆ ಇಡುತ್ತಿದ್ದೆವಲ್ಲ, ಅದೇ ಗೋಧಿ ಬೂಸಾ. ಬೂಸಾ ಕೆಟ್ಟದ್ದಲ್ಲ, ನಾರಿನಂಶ ಇರುವುದೇ ಅದರಲ್ಲಿ. ಆದರೆ ನಾನು ತರುತ್ತಿದ್ದದ್ದು ಒಂದಿಷ್ಟು ಬೂಸಾ ಬೆರೆಸಿ, ಬಣ್ಣ ಹಾಕಿದ ಮೈದಾ ಬ್ರೆಡ್. 150ಎ ಅಂದರೆ ಕ್ಯಾರಮೆಲ್, ಸಕ್ಕರೆಯನ್ನು ಕಾಯಿಸಿ ಮಾಡುವ ಕಂದು ಬಣ್ಣ. ಅದು ಮೋಸ ಅಂತ ಹೇಳಲಾರೆ, ಬರೆದೇ ಇತ್ತು. ನಾನು ಓದಿರಲಿಲ್ಲ. ಆದರೂ ಅವತ್ತು ನನಗೆ ತುಂಬಾ ಬೇಜಾರಾಯಿತು. ಆ ಮನುಷ್ಯ ರುಚಿಯಿಲ್ಲ ಅಂತ ಒಂದು ದಿನವೂ ಹೇಳದೆ, ನಾನು ಕೊಟ್ಟೆ ಅಂತ ಎರಡು ವರ್ಷ ಅದನ್ನು ತಿಂದಿದ್ದರು.

ಹಾಗಾಗಿ ಇದೊಂದನ್ನು ಕಲಿತುಕೊಳ್ಳಿ. ಕವರಿನಲ್ಲಿ ಪದಾರ್ಥಗಳನ್ನು ತೂಕದ ಕ್ರಮದಲ್ಲಿ ಬರೆದಿರುತ್ತಾರೆ. ಯಾವುದು ಜಾಸ್ತಿಯೋ ಅದು ಮೊದಲು. ಪೂರ್ತಿ ಗೋಧಿ ಬ್ರೆಡ್ ಬೇಕಿದ್ದರೆ ಮೊದಲ ಹೆಸರು ‘ಹೋಲ್ ವೀಟ್ ಫ್ಲೋರ್’ ಅಥವಾ ಆಟಾ ಆಗಿರಬೇಕು, ಪಕ್ಕದಲ್ಲಿ ಶೇಕಡಾ ಎಷ್ಟು ಅಂತ ಇದ್ದರೆ ಇನ್ನೂ ಒಳ್ಳೇದು. ಬರೀ ‘ವೀಟ್ ಫ್ಲೋರ್’ ಅಂತಿದ್ದರೆ ನಂಬಬೇಡಿ. ಮೈದಾ ಕೂಡ ಗೋಧಿಯಿಂದಲೇ ಬರುವುದು ಅಲ್ವಾ? ಮಲ್ಟಿಗ್ರೇನ್, ರಾಗಿ ಬ್ರೆಡ್, ಓಟ್ಸ್ ಬ್ರೆಡ್ಡಿಗೂ ಇದೇ ಲೆಕ್ಕ. ಮುಂದೆ ದೊಡ್ಡದಾಗಿ ರಾಗಿ ಅಂತ ಇರುತ್ತದೆ, ಹಿಂದೆ ನೋಡಿದರೆ ಮೈದಾ ಮೊದಲು, ರಾಗಿ ನಾಲ್ಕನೆಯದು. ಮೇಲೆ ಅಂಟಿಸಿದ ಎಳ್ಳು, ಅಗಸೆ ಕಾಳುಗಳನ್ನು ನೋಡಿ ತೀರ್ಮಾನ ಮಾಡಬೇಡಿ. ರಾಗಿ ಬೇಕಿದ್ದರೆ ಮುದ್ದೆ ಇದೆ, ರೊಟ್ಟಿ ಇದೆ.

ಪೂರ್ತಿ ಗೋಧಿ ಬ್ರೆಡ್ಡಿನಲ್ಲಿ ‘ವೀಟ್ ಗ್ಲುಟನ್’ ಅಂತ ಕಂಡರೆ ಹೆದರಬೇಡಿ. ಹಿಟ್ಟನ್ನು ನಾದಿದಾಗ ಬರುವ ಅಂಟೇ ಅದು. ಆ ಅಂಟಿನ ಬಲೆಯಲ್ಲಿ ಗಾಳಿ ಸಿಕ್ಕಿಕೊಂಡರೆ ಬ್ರೆಡ್ ಉಬ್ಬುತ್ತದೆ. ಬೂಸಾದ ಚೂರುಗಳು ಆ ಬಲೆಯನ್ನು ಕತ್ತರಿಸುತ್ತವೆ. ಅದಕ್ಕೇ ಗೋಧಿ ಬ್ರೆಡ್ ಗಟ್ಟಿ, ಚಿಕ್ಕದು, ತೂಕ. ಸ್ವಲ್ಪ ಅಂಟು ಸೇರಿಸಿ ಮೆತ್ತಗೆ ಮಾಡುತ್ತಾರೆ. ಅಂಗಡಿಯಲ್ಲಿ ಒಮ್ಮೆ ಎರಡು 400 ಗ್ರಾಂ ಪ್ಯಾಕೆಟ್ ಪಕ್ಕಪಕ್ಕ ಇಟ್ಟು ನೋಡಿ. ಒಂದು ದಿಂಬಿನ ಹಾಗೆ ಇರುತ್ತದೆ, ಇನ್ನೊಂದು ಇಟ್ಟಿಗೆಯ ಹಾಗೆ. ತೂಕ ಒಂದೇ. ದೊಡ್ಡದರಲ್ಲಿ ಜಾಸ್ತಿ ಇರುವುದು ಗಾಳಿ.

ಸಕ್ಕರೆ ಕಾಯಿಲೆ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ ಇನ್ನೊಂದು ಮಾತು. ಪೂರ್ತಿ ಗೋಧಿ ಬ್ರೆಡ್ ಅಂದ ತಕ್ಷಣ ಎಷ್ಟು ಬೇಕಾದರೂ ತಿನ್ನಬಹುದು ಅಂತಲ್ಲ. ತಿಂದದ್ದು ರಕ್ತದಲ್ಲಿ ಸಕ್ಕರೆಯನ್ನು ಎಷ್ಟು ಬೇಗ ಏರಿಸುತ್ತದೆ ಅಂತ ಅಳೆಯುವ ಗ್ಲೈಸಿಮಿಕ್ ಇಂಡೆಕ್ಸ್ ಇದೆ. ಅದರ ಪಟ್ಟಿಯಲ್ಲಿ ಮೈದಾ ಬ್ರೆಡ್ಡಿಗೆ ಸರಾಸರಿ 75, ಗೋಧಿ ಬ್ರೆಡ್ಡಿಗೆ 74. ಹಿಟ್ಟು ನುಣ್ಣಗೆ ಬೀಸಿದ್ದರೆ ಗೋಧಿಯಾದರೂ ಬೇಗ ಕರಗುತ್ತದೆ. ನಾರಿನಂಶದಿಂದ ಹೊಟ್ಟೆಗೆ ಬೇರೆ ಲಾಭ ಇದೆ, ಅದಕ್ಕೇ ನಾನು ಈಗಲೂ ಗೋಧಿಯದ್ದೇ ತರುತ್ತೇನೆ. ಆದರೆ ನಮ್ಮ ಯಜಮಾನರಿಗೆ ಎರಡೇ ತುಂಡು, ಅದರ ಜೊತೆ ಒಂದು ಬಟ್ಟಲು ಹೆಸರುಕಾಳು ಉಸಲಿಯೋ ಮೊಟ್ಟೆಯೋ ಇರಲೇಬೇಕು. ಇದು ಅವರ ಡಾಕ್ಟರು ಹೇಳಿದ್ದು. ನಿಮ್ಮದನ್ನು ನಿಮ್ಮ ಡಾಕ್ಟರನ್ನೇ ಕೇಳಿ.

ಕೆಮಿಕಲ್ ವಿಷಯ ಕೇಳಿದ್ದೀರಿ. 2016ರಲ್ಲಿ ದೆಹಲಿಯ ಸಿಎಸ್‌ಇ ಅನ್ನುವ ಪರಿಸರ ಸಂಶೋಧನಾ ಸಂಸ್ಥೆ ಅಲ್ಲಿನ 38 ಬ್ರೆಡ್, ಬನ್, ಪಾವ್ ಮಾದರಿಗಳನ್ನು ಪರೀಕ್ಷೆ ಮಾಡಿ, 84%ರಲ್ಲಿ ಪೊಟ್ಯಾಸಿಯಂ ಬ್ರೋಮೇಟ್ ಅಥವಾ ಅಯೋಡೇಟ್ ಇದೆ ಅಂತ ಹೇಳಿತು. ಬ್ರೆಡ್ ಚೆನ್ನಾಗಿ ಉಬ್ಬಿ ಬೆಳ್ಳಗಾಗಲಿ ಅಂತ ಹಾಕುತ್ತಿದ್ದದ್ದು. ಬ್ರೋಮೇಟಿನಿಂದ ಕ್ಯಾನ್ಸರ್ ಬರುವ ಸಾಧ್ಯತೆ ಇದೆ ಅಂತ ಆಗಲೇ ಹೇಳುತ್ತಿದ್ದರು. ಅದೇ ವರ್ಷ ಜೂನ್‌ನಲ್ಲಿ ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐ ಬ್ರೋಮೇಟನ್ನು ನಿಷೇಧಿಸಿತು. ಈಗ ಕವರ್ ಮೇಲೆ ಹೆಚ್ಚಾಗಿ ಕಾಣುವುದು 282. ಅದು ಕ್ಯಾಲ್ಸಿಯಂ ಪ್ರೊಪಿಯೊನೇಟ್, ಬೂಸ್ಟು ಬರದಂತೆ ತಡೆಯುತ್ತದೆ. ಅನುಮತಿ ಇರುವಂಥದ್ದೇ. ವಾರಗಟ್ಟಲೆ ಇಡದೆ ಎರಡು ಮೂರು ದಿನದಲ್ಲಿ ತಿಂದು ಮುಗಿಸುವವರಿಗೆ ಅದರ ಅಗತ್ಯವೇ ಇಲ್ಲ. ನಾನು ಬೇಕರಿಗೆ ಹೋಗಲು ಅದೂ ಒಂದು ಕಾರಣ.

ಬೇಕರಿಯಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ, ಬ್ರೆಡ್ ಎಷ್ಟೊತ್ತಿಗೆ ಇಳಿಸುತ್ತೀರಿ ಅಂತ. ನಮ್ಮ ಬೀದಿಯ ಬೇಕರಿಯಲ್ಲಿ ಮಧ್ಯಾಹ್ನ ಮೂರೂವರೆ ಸುಮಾರಿಗೆ ಇಳಿಸುತ್ತಾರೆ. ಆ ಹೊತ್ತಿಗೆ ಬೀದಿಯ ತಿರುವಿನಲ್ಲೇ ವಾಸನೆ ಬರುತ್ತದೆ. ಮೊದಮೊದಲು ನಾನು ನಾಲ್ಕಕ್ಕೇ ಓಡಿಹೋಗಿ ಬಿಸಿ ಬ್ರೆಡ್ ಕೊಡಿ, ಕಟ್ ಮಾಡಿ ಅನ್ನುತ್ತಿದ್ದೆ. ಅಲ್ಲಿನ ಹುಡುಗ ಬ್ರೆಡ್ಡಿನ ಮೇಲೆ ಅಂಗೈ ಇಟ್ಟು ನೋಡಿ, ‘ಅಕ್ಕಾ, ಇನ್ನೂ ಬಿಸಿ ಇದೆ. ಈಗ ಮೆಷಿನ್‌ಗೆ ಹಾಕಿದ್ರೆ ಮುದ್ದೆ ಆಗುತ್ತೆ. ಅರ್ಧ ಗಂಟೆ ಬಿಟ್ಟು ಬನ್ನಿ’ ಅಂದ. ನಾನು ಒಪ್ಪದೆ ಒಂದು ಸಲ ಹಠ ಮಾಡಿ ಕತ್ತರಿಸಿಕೊಂಡು ಬಂದೆ. ಮನೆಗೆ ಬರುವಷ್ಟರಲ್ಲಿ ತುಂಡುಗಳು ಒಂದಕ್ಕೊಂದು ಅಂಟಿಕೊಂಡು, ಕವರ್ ಒಳಗೆ ಬೆವರಿ, ಬದಿಗಳು ಒಳಕ್ಕೆ ಕುಸಿದಿದ್ದವು. ಮಾರನೇ ದಿನ ಸಂಜೆಗೇ ಹಸಿ ವಾಸನೆ. ಬ್ರೆಡ್ ಒಳಗಿನ ಪಿಷ್ಟ ಆರಿದ ಮೇಲೇ ಗಟ್ಟಿಯಾಗಿ ಕೂರುವುದು. ಈಗ ನಾನು ಐದೂವರೆಗೆ ಹೋಗುತ್ತೇನೆ. ಆ ಹುಡುಗ ನನ್ನನ್ನು ನೋಡಿದ ಕೂಡಲೇ ಮೆಷಿನ್ ಹತ್ತಿರ ಹೋಗುತ್ತಾನೆ.

ಸಾಧ್ಯವಾದರೆ ಕತ್ತರಿಸದೆ ಇಡೀ ಬ್ರೆಡ್ ತನ್ನಿ. ರೂಮಿನಲ್ಲಿ ಒಂದು ಗರಗಸದ ಹಾಗೆ ಹಲ್ಲಿರುವ ಚಾಕು ಇಟ್ಟುಕೊಂಡರೆ ಸಾಕು. ಇಡಿಯಾಗಿದ್ದರೆ ಒಂದು ದಿನ ಜಾಸ್ತಿ ಮೆತ್ತಗೆ ಇರುತ್ತದೆ, ಗಾಳಿ ಸೋಕುವ ಜಾಗ ಕಡಿಮೆ ಅಲ್ವಾ? ಬೇಕಾದಷ್ಟು ದಪ್ಪಕ್ಕೆ ಕತ್ತರಿಸಿಕೊಳ್ಳಬಹುದು. ಮಸಾಲಾ ಟೋಸ್ಟ್ ಮಾಡಲು ದಪ್ಪ ತುಂಡೇ ಚೆಂದ. ಈರುಳ್ಳಿ, ಕ್ಯಾರೆಟ್ ತುರಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಬಾಡಿಸಿ, ಬೆಣ್ಣೆಯಲ್ಲಿ ಗರಿಗರಿ ಮಾಡಿದ ತುಂಡಿನ ಮೇಲೆ ಹರಡಿ. ಹತ್ತು ನಿಮಿಷದ ಕೆಲಸ, ಬೆಳಗಿನ ಹಸಿವಿಗೆ ಎರಡು ತುಂಡು ಸಾಕಾಗುತ್ತದೆ.

ಎಲ್ಲ ಬೇಕರಿಯೂ ಚೆನ್ನಾಗಿರುತ್ತದೆ ಅಂತ ನಾನು ಹೇಳುವುದಿಲ್ಲ. ಗೋಡೆ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಹಾಕಿದ್ದಾರಾ ನೋಡಿ. ಬ್ರೆಡ್ ಇಡುವ ಗಾಜಿನ ಕಪಾಟು ಹೇಗಿದೆ ನೋಡಿ. ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಬ್ರೆಡ್ ಮತ್ತೆ ಮೇಲಕ್ಕೆ ಬರಬೇಕು. ಹುಳಿ ವಾಸನೆ ಬಂದರೆ ಬೇಡ. ನಿನ್ನೆಯದಾ ಅಂತ ಕೇಳಿದಾಗ ಹೌದು ಅಂತ ನಿಜ ಹೇಳುವವರ ಹತ್ತಿರವೇ ದಿನಾ ಕೊಳ್ಳಿ.

ಇನ್ನು ಹುಳಿ ಹಿಟ್ಟಿನ ಸೌರ್‌ಡೋ. ಬೆಂಗಳೂರಿನಲ್ಲಿ ಈಗ ಎಲ್ಲ ಕಡೆ ಸಿಗುತ್ತದೆ. ನಾವು ದೋಸೆ ಹಿಟ್ಟನ್ನು ಹುದುಗಲು ಬಿಡುವ ಹಾಗೆ, ಹೊರಗಿನಿಂದ ಈಸ್ಟ್ ಹಾಕದೆ, ಹಿಟ್ಟಿನಲ್ಲೇ ಬೆಳೆದ ಹುದುಗಿನಿಂದ ಮಾಡುತ್ತಾರೆ. ಸರಿಯಾಗಿ ಮಾಡಿದ್ದರಲ್ಲಿ ಹಿಟ್ಟು, ನೀರು, ಉಪ್ಪು ಬಿಟ್ಟರೆ ಬೇರೆ ಏನೂ ಇರಬೇಕಾಗಿಲ್ಲ. ರುಚಿ ಚೆನ್ನಾಗಿದೆ, ಬೇಗ ಕೆಡುವುದಿಲ್ಲ. ಆದರೆ ಬೆಲೆ ನಮ್ಮ ಬೇಕರಿ ಬ್ರೆಡ್ಡಿನ ನಾಲ್ಕೈದರಷ್ಟು. ದಿನದ ತಿಂಡಿಗೆ ನಾನು ತರುವುದಿಲ್ಲ. ಮಗ ಎರಡು ತಿಂಗಳಿಗೊಮ್ಮೆ ತರುತ್ತಾನೆ, ಖುಷಿಯಿಂದ ತಿನ್ನುತ್ತೇನೆ.

ಸೂಪರ್‌ಮಾರ್ಕೆಟ್ಟಿನ ಪ್ಯಾಕೆಟ್ ಬ್ರೆಡ್ಡೇ ನಿಮಗೆ ಅನುಕೂಲ ಅಂದರೆ ಅದರಲ್ಲೂ ತಪ್ಪಿಲ್ಲ. ರಾತ್ರಿ ಒಂಬತ್ತಕ್ಕೆ ಕೆಲಸದಿಂದ ಬರುವವರಿಗೆ ಬೇಕರಿಯ ಹೊತ್ತು ಹೊಂದುವುದಿಲ್ಲ. ತಾರೀಖು ನೋಡಿ, ಸಾಲಿನ ಹಿಂದಿನಿಂದ ಒಂದು ಎಳೆದುಕೊಳ್ಳಿ. ಹಳೆಯದನ್ನು ಮುಂದೆ ಇಟ್ಟಿರುತ್ತಾರೆ. ಮೊದಲ ಎರಡು ಪದಾರ್ಥ ಓದಿ. 200 ಗ್ರಾಂ ಇದ್ದರೆ ಅದನ್ನೇ ತಗೊಳ್ಳಿ. ದೊಡ್ಡದು ತಗೊಂಡರೆ ಲಾಭ ಅನ್ನಿಸುತ್ತದೆ, ಆದರೆ ಒಬ್ಬರೇ ಇರುವಾಗ ಕೊನೆಯ ಆರು ತುಂಡು ಎಸೆಯುವುದೇ ಆಗುತ್ತದೆ.

ಬ್ರೆಡ್ಡನ್ನು ಫ್ರಿಜ್ಜಿನ ಕೆಳಗಿನ ಭಾಗದಲ್ಲಿ ಇಡಬೇಡಿ. ಅಲ್ಲಿ ಬೂಸ್ಟು ನಿಧಾನವಾಗಿ ಬರುತ್ತದೆ ನಿಜ, ಆದರೆ ಹೊರಗೆ ಇಟ್ಟದ್ದಕ್ಕಿಂತ ಬೇಗ ಒರಟಾಗಿ ಪುಡಿಪುಡಿಯಾಗುತ್ತದೆ. ಆ ತಂಪಿಗೆ ಪಿಷ್ಟ ಬೇಗ ಗಟ್ಟಿಯಾಗುತ್ತದೆ. ಎರಡು ದಿನದ್ದು ಹೊರಗೆ ಡಬ್ಬಿಯಲ್ಲಿರಲಿ. ಉಳಿದದ್ದನ್ನು ತುಂಡು ಮಾಡಿ, ಗಾಳಿಯಾಡದ ಕವರಿನಲ್ಲಿ ಮೇಲಿನ ಫ್ರೀಜರಿಗೆ ಹಾಕಿ. ತೆಗೆದು ನೇರವಾಗಿ ಕಾವಲಿ ಮೇಲೆ ಇಟ್ಟರೆ ಹೊಸದರ ಹಾಗೇ ಆಗುತ್ತದೆ. ಜುಲೈ ಆಗಸ್ಟ್ ಮಳೆಯಲ್ಲಂತೂ ಹೊರಗೆ ಮೂರನೇ ದಿನಕ್ಕೇ ಹಸಿರು ಚುಕ್ಕೆ ಬರುತ್ತದೆ. ಬಂದರೆ ಆ ಜಾಗ ಮಾತ್ರ ಕಿತ್ತು ತಿನ್ನಬೇಡಿ. ಅದರ ಎಳೆ ಕಣ್ಣಿಗೆ ಕಾಣದೆ ಒಳಗೆ ಹರಡಿರುತ್ತದೆ. ಇಡೀ ಬ್ರೆಡ್ ಬಿಸಾಡಿ.

ಕೊನೆಗೆ ತುದಿಯ ತುಂಡು. ಅವನ್ನು ಮೊದಲೇ ತೆಗೆದು ಬಿಸಾಡಬೇಡಿ. ಬ್ರೆಡ್ ಮುಗಿಯುವವರೆಗೂ ಮುಚ್ಚಳದ ಹಾಗೆ ಎರಡೂ ಕಡೆ ಇಟ್ಟಿರಿ, ನಡುವಿನ ತುಂಡುಗಳು ಒಣಗುವುದಿಲ್ಲ. ನಮ್ಮ ಮನೆಯಲ್ಲಿ ಅವೆರಡು ಸೇರುತ್ತಾ ಸೇರುತ್ತಾ ಹತ್ತಾದಾಗ ಬ್ರೆಡ್ ಉಪ್ಪಿಟ್ಟು ಮಾಡುತ್ತೇನೆ. ಮೆತ್ತಗಿನ ತುಂಡು ಒಗ್ಗರಣೆಯಲ್ಲಿ ಮುದ್ದೆಯಾಗುತ್ತದೆ, ಅಂಚಿನದ್ದು ಹಾಗಾಗುವುದಿಲ್ಲ. ಕೈಯಲ್ಲಿ ಒರಟಾಗಿ ಮುರಿದು, ಸಾಸಿವೆ, ಕಡಲೆಬೇಳೆ, ಕರಿಬೇವು, ಈರುಳ್ಳಿ, ಟೊಮೇಟೊ ಬೆಂದ ಮೇಲೆ ಹಾಕಿ, ಎರಡು ಚಮಚ ನೀರು ಚಿಮುಕಿಸಿ, ಮೂರು ನಿಮಿಷ ತಟ್ಟೆ ಮುಚ್ಚಿ. ಇಳಿಸುವಾಗ ಅರ್ಧ ಹೋಳು ನಿಂಬೆಹಣ್ಣು ಹಿಂಡಿ.